ಇಸ್ಸ ಕವಿಯೂ ಅವನ ಹುಟ್ಟೂರೂ

ಜಪಾನಿನ ಹಾಯ್ಕು ಕವಿಗಳಲ್ಲಿ ಕೊಬಯಾಶಿ ಇಸ್ಸನಷ್ಟು ಜನಪ್ರೀತಿಯನ್ನು ಪಡೆದವರು ವಿರಳ; ಅವನಷ್ಟು ತಪ್ಪಾಗಿ ಪ್ರೀತಿಸಲ್ಪಟ್ಟವರು ಇನ್ನೂ ವಿರಳವೆಂಬುದು ನಮ್ಮ ಅಭಿಪ್ರಾಯ. ಗುಬ್ಬಚ್ಚಿಯ ಮರಿಗೆ ಮರುಗುವವನು, ನೊಣದ ಪರವಾಗಿ ವಾದಿಸುವವನು, ಬಡಕಲು ಕಪ್ಪೆಯ ಪಕ್ಷವನ್ನು ವಹಿಸುವವನು—ಹೀಗೆ ಅವನನ್ನು ನಮಗೆ ಪರಿಚಯಮಾಡಿಕೊಡುವರು. ಆ ಚಿತ್ರಕ್ಕೆ ಹಿನ್ನೆಲೆಯಾಗಿ ಒಂದು ಹಳ್ಳಿಯನ್ನೂ ಬರೆಯುವರು: ಹಿಮ ಕವಿದ ಗುಡ್ಡ, ಹುಲ್ಲುಮಾಡಿನ ಮನೆ, ಅದರ ಜಗುಲಿಯಲ್ಲಿ ಮಕ್ಕಳ ನಡುವೆ ಕುಳಿತ ಹಸನ್ಮುಖಿಯಾದ ಮುದುಕ. ಇಸ್ಸನು ತನ್ನ ಊರನ್ನು ಪ್ರೀತಿಸಿದನು, ಊರಿಗೆ ಮರಳಿದನು, ಊರಿನ ಮಣ್ಣಿನಲ್ಲಿಯೇ ಮಡಿದನು. ಆದ್ದರಿಂದ ಅವನು ಹುಟ್ಟೂರಿನ ಕವಿ,—ಇದು ಸಾಮಾನ್ಯವಾಗಿ ನಡೆದುಬಂದಿರುವ ತರ್ಕ. ಇದರಲ್ಲಿ ಹೇಳಿರುವ ಘಟನೆಗಳೆಲ್ಲ ನಿಜ. ಅವುಗಳಿಂದ ಕಟ್ಟಿದ ಚಿತ್ರ ಮಾತ್ರ ಸುಳ್ಳು. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಇದು ದೂರದೇಶದ ಪಂಡಿತರ ಚರ್ಚೆ, ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮಲ್ಲಿ ಹಾಯ್ಕುವನ್ನು ಓದುವವರು ಬಹುಮಟ್ಟಿಗೆ ಇಂಗ್ಲಿಷ್ ಅನುವಾದಗಳ ಮೂಲಕವೇ ಓದುವರು. ೧೯೪೯ರಿಂದ ೧೯೫೨ರವರೆಗೆ ಆರ್. ಎಚ್. ಬ್ಲೈತ್ ಎಂಬ ವಿದ್ವಾಂಸನು ನಾಲ್ಕು ಸಂಪುಟಗಳಲ್ಲಿ ಹಾಯ್ಕುವನ್ನು ಪರಿಚಯಮಾಡಿಕೊಟ್ಟಂದಿನಿಂದ ಪ್ರಪಂಚದ ಅನೇಕ ಭಾಷೆಗಳವರು ಆ ದಾರಿಯಲ್ಲಿಯೇ ಈ ಕವಿಗಳ ಬಳಿಗೆ ಹೋಗಿರುವರು. ಹಾಗೆ ಹೋದವರ ಕೈಗೆ ಮೊದಲು ಸಿಕ್ಕುವುದು ಆಯ್ದ ಪದ್ಯಗಳ ಸಣ್ಣ ಸಂಕಲನ. ಇಸ್ಸನು ಬರೆದ ಪದ್ಯಗಳು ೨೦,೦೦೦ಕ್ಕೂ ಮೇಲ್ಪಟ್ಟಿವೆ; ಸಂಕಲನದಲ್ಲಿ ಬರುವುವು ಹತ್ತೋ ಇಪ್ಪತ್ತೋ. ಯಾವ ಹತ್ತನ್ನು ಆರಿಸಿದರು, ಯಾವುವನ್ನು ಬಿಟ್ಟರು ಎಂಬುದರ ಮೇಲೆ ಕವಿಯ ಮುಖವೇ ಬದಲಾಗುವುದು. ಊರು ಬಿಟ್ಟು ದುಡಿಯಹೋದವನ ಅವಮಾನ, ಪಾಲಿಗಾಗಿ ಅಣ್ಣತಮ್ಮಂದಿರ ಹೋರಾಟ, ಬಂದವನಿಗೆ ನೀರು ಕೊಡದ ಮನೆ—ಇವು ಕವಿತೆಯೊಳಗೆ ಬರಲು ಅರ್ಹವೋ ಅಲ್ಲವೋ ಎಂಬ ಪ್ರಶ್ನೆ ಜಪಾನಿಗೆ ಮಾತ್ರ ಸೇರಿದುದಲ್ಲ.

ಮೊದಲು ಕವಿಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಇಸ್ಸನು ಹುಟ್ಟಿದುದು ೧೭೬೩ರಲ್ಲಿ, ಶಿನಾನೊ ಪ್ರಾಂತದ ಉತ್ತರಭಾಗದಲ್ಲಿ, ಹೊಕ್ಕೊಕು ಎಂಬ ಹೆದ್ದಾರಿಯ ಮೇಲಿನ ಕಶಿವಬಾರ ಎಂಬ ಠಾಣ್ಯದಲ್ಲಿ. ಅದೀಗ ನಾಗಾನೊ ಪ್ರಾಂತಕ್ಕೆ ಸೇರಿದ ಶಿನಾನೊ ಪಟ್ಟಣದ ಭಾಗ. ತಂದೆಯದು ಒಕ್ಕಲುತನ. ತಾಯಿ ೧೭೬೫ರಲ್ಲಿ ತೀರಿಕೊಂಡಳು. ಮಗುವನ್ನು ಸಾಕಿದವಳು ಅಜ್ಜಿ. ೧೭೭೦ರಲ್ಲಿ ಮಲತಾಯಿ ಬಂದಳು. ೧೭೭೨ರಲ್ಲಿ ಮಲತಮ್ಮನಾದ ಸೆನ್‌ರೊಕು ಹುಟ್ಟಿದನು. ೧೭೭೬ರಲ್ಲಿ ಅಜ್ಜಿಯೂ ಹೋದಮೇಲೆ, ಮರುವರ್ಷ, ತಂದೆಯು ಈ ಹಿರಿಯ ಮಗನನ್ನು ಎಡೊ ನಗರಕ್ಕೆ—ಇಂದಿನ ಟೋಕಿಯೊವಿಗೆ—ದುಡಿಯಲು ಕಳುಹಿಸಿಬಿಟ್ಟನು. ಹಿರಿಯ ಮಗನು ಮನೆಯಲ್ಲಿ ಉಳಿದು ಜಮೀನನ್ನು ವಹಿಸಿಕೊಳ್ಳುವುದು ಆ ಸಮಾಜದ ಪದ್ಧತಿ. ಅದು ಇಲ್ಲಿ ತಲೆಕೆಳಗಾಯಿತು. ಕಶಿವಬಾರವನ್ನು ಇಸ್ಸನು ತಾನಾಗಿ ತೊರೆಯಲಿಲ್ಲ. ಅಲ್ಲಿಂದ ಅವನನ್ನು ಹೊರಡಿಸಿದರು. ಈ ಒಂದು ಸಂಗತಿಯನ್ನು ಮರೆತವರು ಅವನ ಯಾವ ಊರಿನ ಪದ್ಯವನ್ನೂ ಸರಿಯಾಗಿ ಓದಲಾರರು.

೧೮೦೧ರಲ್ಲಿ ಇಸ್ಸನು ಊರಿನಲ್ಲಿದ್ದಾಗ ತಂದೆಗೆ ವಿಷಮಜ್ವರ ಬಂದಿತು. ಸುಮಾರು ಒಂದು ತಿಂಗಳ ಕಾಲ ಮಗನು ಶುಶ್ರೂಷೆಮಾಡಿದನು. ಅದರ ವೃತ್ತಾಂತವನ್ನು ಅವನು ದಿನಚರಿಯ ರೂಪದಲ್ಲಿ ಬರೆದಿಟ್ಟಿರುವನು. ರೋಗಿಯು ಪೇರು ಹಣ್ಣನ್ನು ಬಯಸಿದಾಗ ಮಗನು ಜೆಂಕೋಜಿಯ ಪೇಟೆಯವರೆಗೂ ಹೋಗಿ ಹುಡುಕಿ ಬರಿಗೈಯಲ್ಲಿ ಬಂದುದು ಅದರಲ್ಲಿದೆ. ಅದೇ ಹಾಸಿಗೆಯ ಪಕ್ಕದಲ್ಲಿ ಆಸ್ತಿಯ ಪಾಲಿನ ಮಾತು ಎದ್ದುದೂ ಇದೆ. ಜಮೀನನ್ನೂ ಮನೆಯನ್ನೂ ಇಬ್ಬರು ಮಕ್ಕಳೂ ಸಮವಾಗಿ ಹಂಚಿಕೊಳ್ಳಬೇಕೆಂಬುದು ತಂದೆಯ ಇಚ್ಛೆ. ಮಲತಾಯಿಯೂ ತಮ್ಮನೂ ಅದಕ್ಕೆ ಒಪ್ಪಲಿಲ್ಲ. ೧೮೦೮ರಲ್ಲಿ ವಿಭಾಗಪತ್ರವಾದರೂ ಅದು ಕಾರ್ಯಕ್ಕೆ ಬರಲಿಲ್ಲ. ೧೮೧೩ರ ಆದಿಯಲ್ಲಿ, ಊರಿನ ಮ್ಯೋಸೆಂಜಿ ದೇವಾಲಯದ ಗುರುವು ನಡುವೆ ಬಂದು, ಕಡೆಗೂ ರಾಜಿಯಾಯಿತು. ಹಿಂದಿನ ವರ್ಷಗಳ ಬಾಡಿಗೆ ಮತ್ತು ಉತ್ಪನ್ನಗಳ ಬಾಬ್ತು ೩೦ ರ್‍ಯೊ ಹಣವನ್ನು ಕೇಳಿದ್ದ ಇಸ್ಸನಿಗೆ ದೊರೆತುದು ೧೧ ರ್‍ಯೊ ೨ ಬು. ಒಂದೇ ಮನೆಯನ್ನು ನಡುವೆ ಸೀಳಿ ಅಣ್ಣನು ಒಂದು ಕಡೆ, ತಮ್ಮನು ಇನ್ನೊಂದು ಕಡೆ ಇರುವಂತಾಯಿತು. ಹುಟ್ಟೂರಿಗೆ ಕವಿಯ ‘ಪುನರಾಗಮನ’ವೆಂದು ಭಾವುಕರು ವರ್ಣಿಸುವುದು ಇದನ್ನೇ!

ಹಾಗಾದರೆ ಆ ಮುದ್ದಾದ ಚಿತ್ರ ಎಲ್ಲಿಂದ ಬಂದಿತು? ಅದು ಇಸ್ಸನ ಪದ್ಯಗಳಿಂದ ಬಂದುದಲ್ಲ. ಅವನು ಸತ್ತ ಎಷ್ಟೋ ಕಾಲದ ಮೇಲೆ ಬೇರೊಂದು ಕಡೆಯಿಂದ ಬಂದಿತು ಎಂಬುದು ನಮ್ಮ ವಾದ. ಜಪಾನೀ ಭಾಷೆಯಲ್ಲಿ ಹುಟ್ಟೂರಿಗೆ ಫುರುಸಾತೊ ಎಂದು ಹೆಸರು. ಹಳೆಯ ಊರು ಎಂದು ಪದಶಃ ಅರ್ಥ. ೧೯೧೪ರಲ್ಲಿ ಜಪಾನಿನ ವಿದ್ಯಾಖಾತೆಯು ಆರನೆಯ ತರಗತಿಯ ಮಕ್ಕಳಿಗಾಗಿ ಹೊರಡಿಸಿದ ಹಾಡಿನ ಪುಸ್ತಕದಲ್ಲಿ ಈ ಹೆಸರಿನದೇ ಒಂದು ಗೀತೆ ಬಂದಿತು. ಅದರ ಸಾಹಿತ್ಯ ತಕಾನೊ ತತ್ಸುಯುಕಿಯದೆಂದೂ ರಾಗ ಒಕಾನೊ ತೆಯಿಚಿಯದೆಂದೂ ಎಣಿಸುವರು. ಬಾಲ್ಯದ ಆಟಗಳ ನೆನಪು, ತಂದೆತಾಯಿಗಳ ಯೋಗಕ್ಷೇಮದ ಚಿಂತೆ, ಹಿಡಿದ ಕಾರ್ಯವನ್ನು ಸಾಧಿಸಿ ಒಂದು ದಿನ ಹಿಂದಿರುಗುವ ಆಸೆ—ಇಷ್ಟೇ ಅದರ ವಿಷಯ. ಸುಂದರವಾದ ಗೀತೆ, ಇಂದಿಗೂ ಆ ದೇಶದಲ್ಲಿ ಅದನ್ನು ಅರಿಯದವರಿಲ್ಲ. ಆದರೆ ವಾಚಕರು ಒಂದು ವಿಶೇಷವನ್ನು ಗಮನಿಸಬೇಕು. ತಕಾನೊ ೧೮೭೬ರಲ್ಲಿ ಹುಟ್ಟಿದುದು ಅದೇ ಉತ್ತರ ಶಿನಾನೊದಲ್ಲಿ, ಇಸ್ಸನ ಊರಿಗೆ ಬಹುದೂರವಲ್ಲದ ಹಳ್ಳಿಯಲ್ಲಿ. ಒಂದೇ ಸೀಮೆಯ ಗುಡ್ಡಗಳು, ಒಂದೇ ಹಿಮ. ಆದರೂ ಎರಡು ಊರುಗಳು ಎಷ್ಟು ಬೇರೆ! ಗೀತೆಯಲ್ಲಿನ ಊರು ಹೋದವನಿಗಾಗಿ ಕಾದು ಕುಳಿತಿದೆ; ಅಲ್ಲಿ ಯಾರಿಗೂ ಯಾರ ಮೇಲೂ ಬಾಕಿಯಿಲ್ಲ, ಗಡಿಯ ತಕರಾರಿಲ್ಲ, ಕಂದಾಯವಿಲ್ಲ. ಅದು ಪಟ್ಟಣದಲ್ಲಿ ಕುಳಿತು ನೆನೆದ ಊರು. ಇಸ್ಸನ ಊರು ಕಾದಿರಲಿಲ್ಲ. ಅವನ ಪಾಲನ್ನು ಉಂಡುಕೊಂಡು ಅವನಿಲ್ಲದೆಯೇ ಚೆನ್ನಾಗಿ ನಡೆದಿತ್ತು.

ಆಮೇಲಿನ ಕಾಲವು ಈ ಹಾಡಿನ ಊರನ್ನೇ ದೊಡ್ಡದುಮಾಡಿತು. ೧೯೭೦ರಲ್ಲಿ ಜಪಾನಿನ ರಾಷ್ಟ್ರೀಯ ರೈಲ್ವೆಯವರು ‘ಡಿಸ್ಕವರ್ ಜಪಾನ್’ ಎಂಬ ಪ್ರಚಾರವನ್ನು ಆರಂಭಿಸಿ ಪಟ್ಟಣದವರಿಗೆ ಹಳ್ಳಿಯ ಪ್ರಯಾಣದ ಟಿಕೀಟನ್ನು ಮಾರಿದರು. ೧೯೮೮-೮೯ರಲ್ಲಿ ಪ್ರಧಾನಿ ತಾಕೆಶಿತಾ ನೊಬೊರು ಅವರ ಸರಕಾರವು ಫುರುಸಾತೊವಿನ ಹೆಸರಿನಲ್ಲಿ ಊರೂರಿಗೂ ಹತ್ತು ಕೋಟಿ ಯೆನ್ ಹಣವನ್ನು ಕೊಟ್ಟಿತು. ೨೦೦೮ರಿಂದ ಫುರುಸಾತೊ ನೋಜೆಯಿ ಎಂಬ ಏರ್ಪಾಟು ನಡೆದುಬಂದಿದೆ: ತನಗೆ ಬೇಕಾದ ಒಂದು ಊರಿಗೆ ಹಣವನ್ನು ಕೊಟ್ಟವನಿಗೆ ತೆರಿಗೆಯಲ್ಲಿ ಸೋಡಿಯುಂಟು, ಊರಿನಿಂದ ಅಕ್ಕಿ ಹಣ್ಣು ಮಾಂಸಗಳ ಉಡುಗೊರೆಯೂ ಬರಬಹುದು. ಆ ಊರು ಅವನು ಹುಟ್ಟಿದ ಊರೇ ಆಗಿರಬೇಕೆಂಬ ನಿಯಮವಿಲ್ಲ. ಹುಟ್ಟೂರನ್ನು ಪಟ್ಟಿಯಲ್ಲಿ ನೋಡಿ ಆರಿಸಿಕೊಳ್ಳಬಹುದಾದ ಕಾಲವಿದು. ಈ ಕ್ರಮಗಳಿಂದ ಬಡ ಹಳ್ಳಿಗಳಿಗೆ ಆದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಂಥ ಕಾಲದಲ್ಲಿ ಬೆಳೆದ ಕಣ್ಣಿನಿಂದ ಇಸ್ಸನನ್ನು ನೋಡಿದರೆ ಅವನು ಆ ಉಡುಗೊರೆಯ ಪೆಟ್ಟಿಗೆಯ ಮೇಲಿನ ಚಿತ್ರವಾಗಿಬಿಡುವುದರಲ್ಲಿ ಆಶ್ಚರ್ಯವೇನು?

ಇನ್ನು ಪದ್ಯಗಳಿಗೆ ಬರೋಣ. ೧೮೧೦ರ ಐದನೆಯ ತಿಂಗಳಲ್ಲಿ ಇಸ್ಸನು ಪಾಲಿನ ವ್ಯವಹಾರಕ್ಕಾಗಿ ಕಶಿವಬಾರಕ್ಕೆ ಹೋದನು. ಊರಿನ ಪಟೇಲನನ್ನು ಕಂಡನು. ಬಳಿಕ ತನ್ನ ಮನೆಗೆ ಹೋದನು. ಮನೆಯವರು ಒಂದು ಬಟ್ಟಲು ಬಿಸಿನೀರು ಕುಡಿಯೆಂದು ಕೂಡ ಹೇಳಲಿಲ್ಲವೆಂದೂ, ತಾನು ಬೇಗನೆ ಹೊರಬಿದ್ದೆನೆಂದೂ ‘ಏಳನೆಯ ದಿನಚರಿ’ ಎಂಬ ಪುಸ್ತಕದಲ್ಲಿ ಬರೆದಿರುವನು. ಆ ಸಂದರ್ಭದ ಪದ್ಯದಲ್ಲಿ ಅವನು ಊರಿನ ಪಕ್ಕದಲ್ಲಿ ಇರಿಸಿದುದು ಮುಳ್ಳುಪೊದೆಯ ಹೂವನ್ನು. ಈ ಜೋಡಣೆಯ ಸ್ವಾರಸ್ಯವನ್ನು ನೋಡಬೇಕು. ಬರಿಯ ಮುಳ್ಳನ್ನು ಇಟ್ಟಿದ್ದರೆ ಅದು ಬೈಗುಳವಾಗುತ್ತಿತ್ತು. ಬರಿಯ ಹೂವನ್ನಿಟ್ಟಿದ್ದರೆ ಶಾಲೆಯ ಹಾಡಾಗುತ್ತಿತ್ತು. ಅರಳಿರುವ ಹೂವಿನಲ್ಲಿಯೇ ಮುಳ್ಳಿದೆ. ಹತ್ತಿರ ಬಂದವನಿಗೇ ಅದು ನೆಡುವುದು. ದೂರದಲ್ಲಿ ಎಡೊವಿನಲ್ಲಿ ಇದ್ದುಬಿಟ್ಟವನಿಗೆ ಆ ಮುಳ್ಳಿಲ್ಲ.

ಹಿಮದ ಮಾತನ್ನು ತೆಗೆದುಕೊಳ್ಳಿ. ಪಟ್ಟಣದ ರಸಿಕರಿಗೆ ಮೊದಲ ಹಿಮವು ಒಂದು ಉತ್ಸವ. ಅದನ್ನು ನೋಡುತ್ತ ಮದ್ಯವನ್ನು ಸೇವಿಸಿ ಪದ್ಯವನ್ನು ಹೇಳುವುದು ಒಂದು ಸಂಪ್ರದಾಯ. ಉತ್ತರ ಶಿನಾನೊದಲ್ಲಿ ಹಿಮವೆಂದರೆ ತಿಂಗಳುಗಟ್ಟಲೆ ಬಾಗಿಲು ಮುಚ್ಚುವ ಭಾರ. ೧೮೧೨ರ ಚಳಿಗಾಲದಲ್ಲಿ ಇನ್ನು ಇಲ್ಲಿಯೇ ಇರುವುದೆಂದು ನಿಶ್ಚಯಿಸಿ ಊರಿಗೆ ಬಂದ ಇಸ್ಸನು ಬರೆದ ಪ್ರಸಿದ್ಧ ಪದ್ಯದಲ್ಲಿ ಹಿಮಕ್ಕೆ ಯಾವ ಅಲಂಕಾರವೂ ಇಲ್ಲ. ಅದರ ಆಳವನ್ನು ಅಳತೆಕೋಲಿನ ಲೆಕ್ಕದಲ್ಲಿ ಐದು ಶಾಕು ಎಂದು ಹೇಳಿರುವನು. ಒಂದು ಶಾಕು ಸುಮಾರು ಒಂದು ಅಡಿ. ಅಂದರೆ ಆಳು ಮುಳುಗುವಷ್ಟು. ಈ ಪದ್ಯಕ್ಕೆ ಎರಡು ಪಾಠಗಳಿದ್ದುವು. ಒಂದರಲ್ಲಿ ಊರನ್ನು ತನ್ನ ಸಾವಿನ ಸ್ಥಳವೆಂದು ಕರೆದಿದ್ದನು. ಇನ್ನೊಂದರಲ್ಲಿ ಕಡೆಯ ಬಿಡಾರವೆಂದು. ಎರಡನ್ನೂ ಎಡೊವಿನ ತನ್ನ ಪೋಷಕನೂ ಶ್ರೀಮಂತ ವರ್ತಕನೂ ಒಳ್ಳೆಯ ಕವಿಯೂ ಆದ ನತ್ಸುಮೆ ಸೆಯಿಬಿಗೆ ಕಳುಹಿಸಲು, ಅವನು ಮೊದಲನೆಯದನ್ನು ಹೊಡೆದುಹಾಕಿ ಎರಡನೆಯದನ್ನು ಒಪ್ಪಿದನು. ಕಾವ್ಯದ ದೃಷ್ಟಿಯಿಂದ ಸೆಯಿಬಿಯ ತೀರ್ಮಾನ ಸರಿಯೇ. ಉಳಿದ ಪಾಠವೇ ಮೇಲಾದುದು. ಆದರೆ ಹೊಡೆದುಹಾಕಿದ ಮಾತು ಕವಿಯ ಲೇಖನಿಯಿಂದಲೇ ಬಂದುದೆಂಬುದನ್ನು ಮರೆಯಬಾರದು. ಆ ಪದ್ಯವನ್ನು ಶಾಂತಿಯ ಉದ್ಗಾರವೆಂದು ವ್ಯಾಖ್ಯಾನಿಸುವವರು ಈ ಹಳೆಯ ಹಾಳೆಯನ್ನು ಒಮ್ಮೆ ಜ್ಞಾಪಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ನಿದರ್ಶನ. ೧೮೧೩ರ ಒಂದು ಪದ್ಯದಲ್ಲಿ ಇಸ್ಸನು ತನ್ನ ಸೀಮೆಯನ್ನು ಕೀಳುಗಳಲ್ಲಿ ಕೀಳೆಂದು ಕರೆದು, ಅಲ್ಲಿನ ತಂಪನ್ನು ಹೊಗಳಿರುವನು. ಇದಕ್ಕೆ ಅವನು ಬಳಸಿದ ಗೆಗೆ ಎಂಬ ಮಾತು ಕವಿಗಳ ನಿಘಂಟಿನದಲ್ಲ. ಅದು ಮೋಜಣಿಯ ಮಾತು. ಆ ಕಾಲದಲ್ಲಿ ಹೊಲಗದ್ದೆಗಳನ್ನು ಉತ್ತಮ, ಮಧ್ಯಮ, ಅಧಮ, ಅಧಮಾಧಮ ಎಂದು ತರಗತಿಮಾಡಿ ಕಂದಾಯವನ್ನು ಗೊತ್ತುಮಾಡುತ್ತಿದ್ದರು. ಆ ಕಡೆಯ ತರಗತಿಯ ಹೆಸರೇ ಇಲ್ಲಿ ಬಂದಿರುವುದು. ಶಾನುಭೋಗನ ಕಡತದಿಂದ ಒಂದು ಶಬ್ದವನ್ನು ಎತ್ತಿ ತಂದು ಅದರ ಪಕ್ಕದಲ್ಲಿ ಬೇಸಗೆಯ ತಂಪನ್ನು ಇಟ್ಟುದರಿಂದ ಆ ತಂಪಿಗೆ ಎಷ್ಟು ನಿಜ ಬಂದಿತು! ಸರಕಾರದ ಲೆಕ್ಕದಲ್ಲಿ ಯಾವ ಬೆಲೆಯೂ ಇಲ್ಲದ ಮಣ್ಣಿನಲ್ಲಿಯೂ ಒಂದು ಸುಖವುಂಟು. ಆದರೆ ಸುಖವುಂಟೆಂದು ಮಣ್ಣಿನ ತರಗತಿ ಏರುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದುದರಲ್ಲಿಯೇ ಇಸ್ಸನ ಪ್ರಾಮಾಣಿಕತೆ. ಊರಿನ ತಂಪನ್ನು ಮಾತ್ರ ಹೊಗಳುವವನು ಅಲ್ಲಿಗೆ ಕಂದಾಯ ಕಟ್ಟದ ಅತಿಥಿ.

ಎಡೊವಿನಲ್ಲಿಯೂ ಈ ಊರು ಅವನನ್ನು ಬಿಡಲಿಲ್ಲ. ಚಳಿಗಾಲದಲ್ಲಿ ಹಿಮದ ಕಾಟದಿಂದ ಕೆಲಸವಿಲ್ಲದೆ ಶಿನಾನೊದಿಂದ ಗುಂಪುಗುಂಪಾಗಿ ಕೂಲಿಗೆ ಬರುತ್ತಿದ್ದ ಹಳ್ಳಿಗರನ್ನು ಎಡೊವಿನವರು ಗದ್ದಲಮಾಡುವ ಒಂದು ಪಕ್ಷಿಯ ಹೆಸರಿನಿಂದ—ನಾವು ಗೊರವಂಕವೆನ್ನುವ ಹಕ್ಕಿಯ ಜಾತಿಯದು—ಹಾಸ್ಯಮಾಡುತ್ತಿದ್ದರು. ಇಸ್ಸನು ಆ ಅಡ್ಡಹೆಸರನ್ನು ಮರೆಮಾಚಲಿಲ್ಲ. ೧೮೧೯ರಲ್ಲಿ, ಊರಿನಲ್ಲಿ ನೆಲೆಸಿ ವರ್ಷಗಳಾದ ಮೇಲೂ, ಅದನ್ನು ತನ್ನ ಪದ್ಯವೊಂದರಲ್ಲಿ ಸೇರಿಸಿ ಅದರ ಜೊತೆಯಲ್ಲಿ ಚಳಿಯನ್ನು ಇಟ್ಟನು. ಆ ಚಳಿಯು ಗಾಳಿಯದು ಮಾತ್ರವಲ್ಲ. ಪಟ್ಟಣದಲ್ಲಿ ಹಳ್ಳಿಗನೆಂದು, ಹಳ್ಳಿಯಲ್ಲಿ ಪಟ್ಟಣದವನೆಂದು ಎರಡು ಕಡೆಯೂ ಹೊರಗಿನವನಾದವನ ಹುಟ್ಟೂರು ಎಲ್ಲಿ? ಅವನ ಪದ್ಯಗಳೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಿವೆ.

ಇಲ್ಲಿ ಒಂದು ಆಕ್ಷೇಪವು ಬರುವುದು. ‘ನೀವು ಹೇಳುವುದೆಲ್ಲ ಒಬ್ಬ ಮಲಮಗನ ಗೊಣಗಾಟವಾಯಿತು, ಅದು ಕವಿತೆ ಹೇಗಾದೀತು?’ ಎಂದು ಕೇಳುವವರುಂಟು. ಮಲತಾಯಿಯ ಕಾಟವೊಂದರಿಂದಲೇ ಇಸ್ಸನ ಕಾವ್ಯವನ್ನೆಲ್ಲ ಬಿಡಿಸಿ ತೋರಿಸುವ ವಿಮರ್ಶಕರೂ ಉಂಟು. ಇವರಿಬ್ಬರಿಗೂ ನಮ್ಮ ಉತ್ತರ ಒಂದೇ. ಪಾಲಿನ ವ್ಯಾಜ್ಯದಲ್ಲಿ ನ್ಯಾಯವು ಪೂರ್ತಿಯಾಗಿ ಇಸ್ಸನ ಕಡೆಗಿತ್ತೆಂದು ನಾವು ಹೇಳುವುದಿಲ್ಲ. ಅವನು ಎಡೊವಿನಲ್ಲಿಯೂ ಪಶ್ಚಿಮದ ಪ್ರಾಂತಗಳಲ್ಲಿಯೂ ಪದ್ಯಗಳನ್ನು ರಚಿಸುತ್ತ ತಿರುಗುತ್ತಿದ್ದ ಕಾಲದಲ್ಲಿ ಮಲತಾಯಿಯೂ ತಮ್ಮನೂ ಹೊಲದಲ್ಲಿ ಮೈಮುರಿದು ಜಮೀನನ್ನು ಹೆಚ್ಚಿಸಿದ್ದರು. ಬೆವರು ಸುರಿಸದವನು ಬಂದು ಅರ್ಧವನ್ನು ಕೇಳಿದರೆ ಊರವರು ಯಾರ ಪಕ್ಷವನ್ನು ವಹಿಸುವರು? ತಂದೆಯ ಕಡೆಯ ದಿನಗಳ ವೃತ್ತಾಂತದಲ್ಲಿ ಮಲತಾಯಿಯ ಪಾತ್ರವು ಬಹಳ ಕಪ್ಪಾಗಿ ಬಂದಿದೆ. ಅದು ವಾದಿಯೊಬ್ಬನು ತನ್ನ ಕಡೆಯಿಂದ ಕೊಟ್ಟ ಹೇಳಿಕೆ, ನ್ಯಾಯಾಧೀಶನ ತೀರ್ಪಲ್ಲ. ಆದ್ದರಿಂದ ಇಸ್ಸನನ್ನು ಬಡಪಾಯಿಯೆಂದು ಮರುಗುವ ಚಿತ್ರವೂ ಹಸನ್ಮುಖಿಯಾದ ಮುದುಕನ ಚಿತ್ರದಷ್ಟೇ ಅಸಮರ್ಪಕ. ಪದ್ಯಗಳು ಅವನ ದಿನಚರಿಗಿಂತ ನ್ಯಾಯವಾಗಿವೆ. ಅವು ಯಾರನ್ನೂ ಹೆಸರಿಸಿ ದೂರುವುದಿಲ್ಲ. ಮುಳ್ಳಿನ ಪದ್ಯದಲ್ಲಿ ಸೆನ್‌ರೊಕುವಿಲ್ಲ, ಮಲತಾಯಿಯಿಲ್ಲ; ಊರಿದೆ, ಹೂವಿದೆ. ವ್ಯಾಜ್ಯದ ಕಹಿಯು ಹೀಗೆ ವ್ಯಕ್ತಿಗಳನ್ನು ಬಿಟ್ಟು ಎಲ್ಲರಿಗೂ ಗುರುತು ಸಿಕ್ಕುವ ಒಂದು ಸಂಗತಿಯಾದುದೇ ಕವಿತೆ. ಗೊಣಗಾಟಕ್ಕೂ ಅದಕ್ಕೂ ಇರುವ ಅಂತರ ಇದು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ‘ಇಸ್ಸನು ಅಮಿದಾ ಬುದ್ಧನ ಭಕ್ತ, ಎಲ್ಲ ಪ್ರಾಣಿಗಳಲ್ಲಿಯೂ ಅವನಿಗೆ ಕರುಣೆ. ಊರಿನ ಕಹಿಯನ್ನು ಆ ಕರುಣೆಯು ನುಂಗಿಕೊಂಡಿತು; ಕಡೆಗೆ ಉಳಿದುದು ದಯೆಯೇ’ ಎಂದು ಇವರು ಹೇಳುವರು. ಅವನ ಪಂಥನಿಷ್ಠೆಯಲ್ಲಿ ಸಂದೇಹವಿಲ್ಲ. ಆದರೆ ಆಧುನಿಕ ಹಾಯ್ಕುವಿನ ಸಂಸ್ಕಾರಕನೆನಿಸಿದ ಮಸಾವೊಕಾ ಶಿಕಿಯು ೧೮೯೭ರಲ್ಲಿ ಇಸ್ಸನ ಪದ್ಯಗಳನ್ನು ವಿಮರ್ಶಿಸಿದಾಗ ಅವನ ವೈಶಿಷ್ಟ್ಯವನ್ನು ಮೂರಾಗಿ ಎಣಿಸಿದನು: ಹಾಸ್ಯ, ವಿಡಂಬನೆ, ವಾತ್ಸಲ್ಯ. ಮೂರರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಎರಡನ್ನು ಕಿತ್ತು ಬಿಸುಟವರು ಈ ಕರುಣಾವಾದಿಗಳು. ವಿಡಂಬನೆಯಿಲ್ಲದ ಇಸ್ಸನ ವಾತ್ಸಲ್ಯವು ಉಪ್ಪಿಲ್ಲದ ಅಡಿಗೆ. ಅವನು ನೊಣಕ್ಕೂ ಚಿಗಟಕ್ಕೂ ಮರುಗಿದುದು ಅವು ತನ್ನದೇ ಹರಕು ಮನೆಯ ಒಕ್ಕಲುಗಳೆಂದು. ಮನೆಯಲ್ಲಿ ಬಲವಿಲ್ಲದವನಿಗೆ ಏನಾಗುವುದೆಂಬುದನ್ನು ಹುಡುಗತನದಲ್ಲಿಯೇ ಕಂಡುಕೊಂಡವನು ಅವನು. ಆ ಮನೆಯನ್ನು ಅಳಿಸಿ ದಯೆಯನ್ನು ಮಾತ್ರ ಉಳಿಸಿದರೆ, ಆ ದಯೆಗೆ ನಿಲ್ಲಲು ನೆಲವೆಲ್ಲಿ?

‘ಒರಗ ಹರು’ ಎಂಬ ಅವನ ಗದ್ಯಪದ್ಯಮಯವಾದ ಗ್ರಂಥವನ್ನೇ ನೋಡಬಹುದು. ೧೮೧೯ರ ಒಂದು ವರ್ಷದ ಅನುಭವ ಅದರ ವಸ್ತು; ಅದು ಅಚ್ಚಾದುದು ಕವಿಯು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ೧೮೫೨ರಲ್ಲಿ. ಆರಂಭದ ಪದ್ಯದಿಂದ ತೆಗೆದ ಈ ಹೆಸರಿಗೆ ‘ನನ್ನ ವಸಂತ’ ಎಂದು ಅರ್ಥ ಹೇಳುವರು. ಆದರೆ ‘ನನ್ನ’ ಎಂಬುದಕ್ಕೆ ಅವನು ಬಳಸಿದುದು ಶಿಷ್ಟರ ಸರ್ವನಾಮವನ್ನಲ್ಲ. ಹೊಲಗದ್ದೆಗಳಲ್ಲಿ ಕೇಳಿಬರುವ ಒರ ಎಂಬ ಹಳ್ಳಿಯ ಮಾತನ್ನು. ಎಡೊವಿನವರು ನಗುತ್ತಿದ್ದ ಆಡುನುಡಿಯನ್ನು ಅವನು ಹೊಸವರ್ಷದ ದಿನ, ಪುಸ್ತಕದ ಬಾಗಿಲಿನಲ್ಲಿಯೇ, ತಲೆಯೆತ್ತಿ ನಿಲ್ಲಿಸಿದನು. ಇದೇ ಅವನ ನಿಜವಾದ ಊರಭಿಮಾನ. ಅದೇ ವರ್ಷ ಅವನ ಮಗಳು ಸಾತೊ ಸಿಡುಬಿನಿಂದ ಸತ್ತಳು. ಆ ಮರಣದ ಕುರಿತ ಸುಪ್ರಸಿದ್ಧ ಪದ್ಯದಲ್ಲಿ ಅವನು ಅನಿತ್ಯತೆಯ ಬೋಧೆಯನ್ನು ಒಪ್ಪಿಯೂ ಒಪ್ಪದೆ ನಿಂತಿರುವನು. ಊರಿನ ವಿಷಯದಲ್ಲಿಯೂ ಅವನ ನಿಲುವು ಅದೇ. ಊರು ತನ್ನದೆಂದು ಒಪ್ಪಿದನು. ಆ ಒಪ್ಪಿಗೆಯೊಳಗಿನ ತಕರಾರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಧರ್ಮಕ್ಕೂ ಅವನು ಹೇಳಿದ ಉತ್ತರ ಪೂರ್ಣವಿರಾಮದಿಂದ ಮುಗಿಯಲಿಲ್ಲವೆಂದ ಮೇಲೆ ಊರಿಗೆ ಮಾತ್ರ ಮುಗಿಯಿತೆಂದು ಹೇಳುವುದು ಹೇಗೆ?

ಹಿಂದಿನ ಇಬ್ಬರು ಮಹಾಕವಿಗಳೊಡನೆ ಹೋಲಿಸಿದರೆ ಇಸ್ಸನ ವಿಶೇಷವು ಇನ್ನೂ ಸ್ಪಷ್ಟವಾಗುವುದು. ಬಾಶೊ ಹುಟ್ಟಿದುದು ೧೬೪೪ರಲ್ಲಿ, ಇಗ ಪ್ರಾಂತದಲ್ಲಿ. ತಾಯಿ ತೀರಿಕೊಂಡ ಮರುವರ್ಷ, ೧೬೮೪ರಲ್ಲಿ, ಊರಿಗೆ ಹೋದ ಅವನಿಗೆ ಅಣ್ಣನು ತಾಯಿಯ ನರೆಗೂದಲನ್ನು ತೆಗೆದು ತೋರಿಸಿದನು. ಅವನ ಕಣ್ಣೀರು ಪ್ರಾಮಾಣಿಕವಾದುದು, ಆ ಪ್ರಸಂಗದ ಪದ್ಯವು ಉತ್ಕೃಷ್ಟವಾದುದು. ಆದರೆ ಬಾಶೊ ಅಲ್ಲಿ ಅತಿಥಿ. ಬಂದು, ಅತ್ತು, ಮುಂದಕ್ಕೆ ನಡೆದನು. ೧೬೯೪ರಲ್ಲಿ ಓಸಾಕದಲ್ಲಿ ಸತ್ತಾಗ ಅವನ ದೇಹವನ್ನು ಓತ್ಸುವಿನ ಗಿಚೂಜಿ ದೇವಾಲಯದಲ್ಲಿ ಹೂಳಿದರು. ಬುಸೊನ್ ಹುಟ್ಟಿದುದು ೧೭೧೬ರಲ್ಲಿ, ಓಸಾಕದ ಬಳಿಯ ಕೆಮ ಎಂಬ ಹಳ್ಳಿಯಲ್ಲಿ. ೧೭೭೭ರ ಅವನ ಒಂದು ದೀರ್ಘರಚನೆಯಲ್ಲಿ ಪಟ್ಟಣದಲ್ಲಿ ಊಳಿಗದಲ್ಲಿದ್ದ ಹುಡುಗಿಯೊಬ್ಬಳು ವಸಂತದಲ್ಲಿ ನದಿಯ ಏರಿಯ ಮೇಲೆ ಊರಿಗೆ ನಡೆದುಹೋಗುವಳು. ಅದು ಚಿತ್ರಕಾರನ ಕಣ್ಣಿನ ಊರು. ಕಾಲದಾಚೆಗೆ ನಿಂತದ್ದು, ಸುಂದರವಾದದ್ದು. ಬಾಶೊವಿಗೆ ಊರು ಪ್ರಯಾಣದ ಒಂದು ತಂಗುದಾಣ, ಬುಸೊನನಿಗೆ ಒಂದು ಸ್ವಪ್ನ. ಅಲ್ಲಿಗೇ ಹಿಂದಿರುಗಿ, ಗೋಡೆಯ ಆಚೆಗೆ ಎದುರಾಳಿಯನ್ನು ಇಟ್ಟುಕೊಂಡು, ಕೆಳಗಿನ ಹಿಮವನ್ನು ಮೋರೆಗೆ ಮೋರೆಯಾಗಿ ನೋಡುತ್ತ ವರ್ಷಗಟ್ಟಲೆ ಬರೆದವನು ಇಸ್ಸನೊಬ್ಬನೇ. ಊರು ಈ ಮೂವರಲ್ಲಿ ಯಾರಿಗೆ ಹೆಚ್ಚು ಪ್ರಿಯವಾಗಿತ್ತೆಂದು ನಾವು ತೂಗುವುದಿಲ್ಲ. ಯಾರು ಅದನ್ನು ಹೆಚ್ಚು ಬೆಲೆ ತೆತ್ತು ತಿಳಿದರೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಹಾಗಾದರೆ ಇಸ್ಸನ ಊರಿನಲ್ಲಿ ಸಂತೋಷವೇ ಇಲ್ಲವೇ? ಇದೆ, ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ೧೮೧೪ರಲ್ಲಿ, ಅವನು ಕಿಕು ಎಂಬ ಹೆಣ್ಣನ್ನು ಮದುವೆಯಾದ ವರ್ಷ, ಹಿಮ ಕರಗಿದ ಹಳ್ಳಿಯನ್ನೂ ಮಕ್ಕಳನ್ನೂ ಕುರಿತು ಬರೆದ ಚಿಕ್ಕ ಪದ್ಯವು ಇಂದಿಗೂ ಮಕ್ಕಳ ಪುಸ್ತಕಗಳಲ್ಲಿ ಬರುತ್ತಿದೆ. ನಾವು ಆಕ್ಷೇಪಿಸುವುದು ಆ ಪದ್ಯವನ್ನು ಒಂಟಿಯಾಗಿ ಓದುವ ಕ್ರಮವನ್ನು. ಹಿಂದೆ ಹೇಳಿದ ಹಿಮದ ಪದ್ಯವನ್ನು ಓದದವನಿಗೆ ಈ ಕರಗುವಿಕೆಯ ಅರ್ಥವೇ ಆಗದು. ಅಷ್ಟು ತಿಂಗಳು ಒಳಗೆ ಕೂಡಿಹಾಕಿದ್ದ ಮಕ್ಕಳು ಒಂದೇ ಸಲಕ್ಕೆ ಹೊರಕ್ಕೆ ನುಗ್ಗಿದ ಸಂಭ್ರಮ ಅದು. ಇನ್ನೂ ಒಂದು ಮಾತು. ಅವನಿಗೂ ಕಿಕುವಿಗೂ ಹುಟ್ಟಿದ ನಾಲ್ಕು ಮಕ್ಕಳೂ ಎಳೆತನದಲ್ಲಿಯೇ ಸತ್ತುವು. ೧೮೨೩ರಲ್ಲಿ ಕಿಕುವೂ ಹೋದಳು. ಆ ಪದ್ಯವನ್ನು ಬರೆಯುವಾಗ ಇದಾವುದೂ ಅವನಿಗೆ ತಿಳಿದಿರಲಿಲ್ಲ. ಓದುವ ನಮಗೆ ತಿಳಿದಿದೆ. ತಿಳಿದೂ ತಿಳಿಯದವರಂತೆ ಓದುವುದು ಸರಳತೆಯಲ್ಲ, ಅಲಕ್ಷ್ಯ.

೧೮೨೭ರ ಬೇಸಗೆಯಲ್ಲಿ ಕಶಿವಬಾರಕ್ಕೆ ಬೆಂಕಿ ಬಿದ್ದು ಸುಮಾರು ಹನ್ನೆರಡು ವರ್ಷ ಹೋರಾಡಿ ಪಡೆದ ಮನೆಯು ಸುಟ್ಟುಹೋಯಿತು. ಉಳಿದುದು ಮಣ್ಣುಗೋಡೆಯ ಒಂದು ಉಗ್ರಾಣ. ಅದರಲ್ಲಿಯೇ ವಾಸಮಾಡುತ್ತ, ಆ ವರ್ಷದ ಹನ್ನೊಂದನೆಯ ಚಾಂದ್ರಮಾಸದ ಹತ್ತೊಂಬತ್ತನೆಯ ದಿನ—ಇಂಗ್ಲಿಷ್ ಲೆಕ್ಕದಲ್ಲಿ ೧೮೨೮ರ ಜನವರಿ ೫—ಇಸ್ಸನು ತೀರಿಕೊಂಡನು. ಅವನ ಮೂರನೆಯ ಹೆಂಡತಿ ಯಾವೊ ಆಗ ಗರ್ಭಿಣಿ. ಯತ ಎಂಬ ಆ ಮಗಳು ತಂದೆಯ ಮುಖವನ್ನು ಕಾಣದೆ ಹುಟ್ಟಿದಳು. ಬದುಕಿ ಬೆಳೆದವಳು ಅವಳೊಬ್ಬಳೇ. ಆ ಉಗ್ರಾಣವನ್ನು ೧೯೫೭ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿ ಕಾಪಾಡಿಕೊಂಡುಬಂದಿರುವರು; ಊರಿನಲ್ಲಿ ಕವಿಯ ಹೆಸರಿನ ಸ್ಮಾರಕಭವನವೂ ಇದೆ. ಬದುಕಿದ್ದಾಗ ಬಿಸಿನೀರು ಕೊಡದ ಊರು ಸತ್ತಮೇಲೆ ಸ್ಮಾರಕವನ್ನು ಕಟ್ಟಿತೆಂದು ಹಾಸ್ಯಮಾಡುವುದು ಸುಲಭ. ನಾವು ಹಾಗೆ ಮಾಡುವುದಿಲ್ಲ. ಅಲ್ಲಿನವರು ಉಳಿಸಿಕೊಂಡಿರುವುದು ಕಿಟಕಿಯಿಲ್ಲದ ಆ ಕತ್ತಲೆಯ ಕೋಣೆಯನ್ನು. ಅದರ ಒಳಕ್ಕೆ ಇಣಿಕಿದವನಿಗೆ ಜಗುಲಿಯ ಮೇಲಿನ ಮುದುಕನ ಚಿತ್ರವು ಮನಸ್ಸಿನಲ್ಲಿ ನಿಲ್ಲಲಾರದು. ಆ ಉಗ್ರಾಣವು ನಮ್ಮ ಸಂಕಲನಕಾರರಿಗಿಂತ ಹೆಚ್ಚು ಸತ್ಯವಂತವಾಗಿದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಇಸ್ಸನನ್ನು ಕನ್ನಡಕ್ಕೆ ತರುವವರು ಗುಬ್ಬಚ್ಚಿಯ ಪದ್ಯದ ಪಕ್ಕದಲ್ಲಿ ಗೊರವಂಕದ ಪದ್ಯವನ್ನೂ, ಹಿಮ ಕರಗಿದ ಪದ್ಯದ ಪಕ್ಕದಲ್ಲಿ ಐದು ಶಾಕು ಹಿಮದ ಪದ್ಯವನ್ನೂ ಇಡಲಿ. ಮುಳ್ಳಿನ ಪದ್ಯದ ಕೆಳಗೆ ೧೮೧೦ರ ದಿನಚರಿಯ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಲಿ. ಗೆಗೆ ಎಂಬುದನ್ನು ‘ಬಡನಾಡು’ ಎಂದು ನಯಗೊಳಿಸದೆ ಕಂದಾಯದ ಮಾತಿನಿಂದಲೇ ಅನುವಾದಿಸಲಿ. ಅದಕ್ಕೆ ಬೇಕಾದ ಶಬ್ದಗಳು ನಮ್ಮ ಶಾನುಭೋಗರ ಲೆಕ್ಕದ ಪುಸ್ತಕಗಳಲ್ಲಿ ಬೇಕಾದಷ್ಟಿವೆ. ಓದುವವರು ಕೂಡ, ಹುಟ್ಟೂರು ಎಂಬ ಮಾತು ಕಂಡೊಡನೆ ಕಣ್ಣು ತೇವಮಾಡಿಕೊಳ್ಳುವುದಕ್ಕೆ ಮೊದಲು, ಆ ಊರಿನಲ್ಲಿ ಈ ಕವಿಗೆ ಎಷ್ಟು ಪಾಲು ಬಂದಿತೆಂದು ಕೇಳುವ ಅಭ್ಯಾಸವನ್ನು ಇಟ್ಟುಕೊಳ್ಳಲಿ.